ಬಸ್ಸು ನಿಲ್ಲಿಸುವ ಗಂಡಸು

ಜೇವರ್ಗಿಯ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಅದರಲ್ಲೂ ಅಭಿವೃದ್ಧಿಯ ಸಿದ್ಧಾಂತಗಳು ಎಂಬ ಪತ್ರಿಕೆ ವರ್ಷ ವರ್ಷವೂ ನನ್ನ ಕೊರಳಿಗೇ ಬೀಳುತ್ತದೆ. ಬಡ ದೇಶವೊಂದು ಶ್ರೀಮಂತವಾಗುವುದು ಹೇಗೆ ಎಂಬುದನ್ನು ಒಂದು ಸೀಮೆಸುಣ್ಣದ ತುಂಡು ಹಿಡಿದು ಒಂದು ಪಿರಿಯಡ್ಡಿನಲ್ಲಿ ಹೇಳಿ ಮುಗಿಸಬಲ್ಲೆ. ಫ್ಯಾನು ತಿರುಗದ ದಿನ ಇನ್ನೂ ಬೇಗ ಶ್ರೀಮಂತ ಮಾಡಿಬಿಡುತ್ತೇನೆ.

ಒಂದು ಸಿದ್ಧಾಂತದ ಪ್ರಕಾರ ಮೊದಲು ಮೇಲಿನವರ ಕಾಳಿನ ಹಗೇವು ತುಂಬಬೇಕು. ತುಂಬಿ ಚೆಲ್ಲಿದ್ದು ತಾನಾಗಿಯೇ ಕೆಳಗಿನವರಿಗೆ ಇಳಿಯುತ್ತದೆ. ಇನ್ನೊಂದರ ಪ್ರಕಾರ ಎಲ್ಲರೂ ಸೇರಿ ಒಮ್ಮೆ ಜೋರಾಗಿ ನೂಕಿದರೆ ಸಾಕು, ಗಾಡಿ ಚಾಲೂ ಆಗುತ್ತದೆ. ನಮ್ಮ ಕಡೆಯ ರಸ್ತೆಗಳಲ್ಲಿ ಓಡಾಡಿದ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯದು ನನಗೆ ಪ್ರೀತಿಯದು, ಹೆಸರು ಮಾತ್ರ ಬಾಯಿ ತುಂಬುತ್ತದೆ: ಸಾಮಾಜಿಕ ಪ್ರಜಾಸತ್ತಾತ್ಮಕ ಬಂಡವಾಳಶಾಹಿ. ಅಂಗಡಿ ಅಂಗಡಿಯವನದೇ ಇರಲಿ, ಲಾಭವೂ ಅವನದೇ ಇರಲಿ. ಆದರೆ ಆ ಲಾಭದಲ್ಲಿ ಸರಕಾರ ಒಂದು ಪಾಲು ತೆಗೆದು ಎಲ್ಲರ ಮಕ್ಕಳಿಗೆ ಶಾಲೆ, ಎಲ್ಲರ ಜಡ್ಡಿಗೆ ದವಾಖಾನೆ, ಎಲ್ಲರ ಕಾಲಿಗೆ ಬಸ್ಸು ಒದಗಿಸಲಿ. ಹಿಮ ಬೀಳುವ ದೂರದ ದೇಶಗಳಲ್ಲಿ ಇದು ಚೆನ್ನಾಗಿ ನಡೆದಿದೆ ಎಂದು ಒಮ್ಮೆ ಹೇಳಿದಾಗ ಹಿಂದಿನ ಬೆಂಚಿನವನೊಬ್ಬ ಎದ್ದು ಕೇಳಿದ: “ಸರ, ಅಲ್ಲಿ ಕೈ ಮಾಡಿದ್ರ ಬಸ್ ನಿಂದರ್ತಾವೇನ್ರಿ?”

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಸೊಂಟ ಹಿಡಿದುಕೊಂಡು ನಕ್ಕೆ. ಆ ವರ್ಷ ದಸರೆಯ ಹೊತ್ತಿಗೆ ನನ್ನ ಬೆನ್ನು ಕೈಕೊಟ್ಟಿತ್ತು. ಮೋಟರ್ ಸೈಕಲ್ ಮುಟ್ಟಕೂಡದೆಂದು ಡಾಕ್ಟರು ಹೇಳಿದ್ದರಿಂದ, ಅಷ್ಟು ವರ್ಷ ಬರೀ ಬೋರ್ಡಿನ ಮೇಲೆ ಬರೆಯುತ್ತಿದ್ದ ಸಾರ್ವಜನಿಕ ಸಾರಿಗೆಯನ್ನು ಮೊದಲ ಸಲ ದಿನವೂ ಹತ್ತಬೇಕಾಯಿತು.

ನಮ್ಮದು ನೆಲೋಗಿಯ ಆಚೆಗಿನ ಸಣ್ಣ ಊರು. ಊರೊಳಗೆ ಬಸ್ಸು ಬರುವುದಿಲ್ಲ, ಡಾಂಬರು ರಸ್ತೆಯ ಕ್ರಾಸಿಗೆ ನಡೆದು ಹೋಗಿ ನಿಲ್ಲಬೇಕು. ಅಲ್ಲೊಂದು ಬೇವಿನ ಗಿಡ, ಎದುರಿಗೆ ಒಂದು ಚಹಾದ ಅಂಗಡಿ. ಮನೆಯಲ್ಲಿ ಅಣ್ಣ, ಅಣ್ಣನ ಹೆಂಡತಿ, ನಾನು. ಅಣ್ಣನ ಹೆಂಡತಿಯನ್ನು ನಾವು ವೈನಿ ಎನ್ನುತ್ತೇವೆ. ನನ್ನ ಹೆಂಡತಿ ಆಳಂದದ ಶಾಲೆಯೊಂದರಲ್ಲಿ ಶಿಕ್ಷಕಿ. ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಯೇ ಇರುತ್ತಾಳೆ, ಶನಿವಾರ ಬರುತ್ತಾಳೆ. ಅಣ್ಣ ತೊಗರಿ, ಜೋಳದ ಹೊಲ ನೋಡಿಕೊಳ್ಳುತ್ತಾನೆ, ಊರಿನ ಜಗಳ ಬಿಡಿಸುತ್ತಾನೆ. ದುಡಿಮೆಯೇ ಪೂಜೆ ಎಂಬರ್ಥದ ಮಾತನ್ನು ಪಡಸಾಲೆಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿದವನು ಅವನೇ. ಹಾಗೆ ಬರೆಸುವಾಗ ಅಡುಗೆಮನೆಯ ದುಡಿಮೆ ಅವನ ಲೆಕ್ಕದಲ್ಲಿ ಇದ್ದಂತಿಲ್ಲ.

ವೈನಿ ಅತನೂರಿನ ಮಗಳು. ಅವಳು ಬಡಿದ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆಯವರ ಮುಖ ಕಾಣುತ್ತದೆ ಎಂದು ನಮ್ಮ ಓಣಿಯಲ್ಲಿ ಹೇಳುತ್ತಾರೆ. ಸ್ವಲ್ಪ ಉತ್ಪ್ರೇಕ್ಷೆಯೇ, ಆದರೆ ನಮ್ಮ ಮನೆಗೆ ಬಂದ ನೆಂಟರು ಎರಡು ದಿನಕ್ಕೆಂದು ಬಂದು ನಾಲ್ಕು ದಿನ ಉಳಿದದ್ದಂತೂ ಖರೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆಕೆ ಓಣಿಯ ನಾಲ್ವರು ಹೆಂಗಸರ ಜೊತೆ ಬಳೆ ಇಡಿಸಿಕೊಳ್ಳಲು ಜೇವರ್ಗಿಗೆ ಹೋದವಳು, ಬಳೆಯ ಜೊತೆ ಒಂದು ಕೆಲಸವನ್ನೂ ಹಿಡಿದುಕೊಂಡು ಬಂದಳು. ಅಲ್ಲಿ ರೊಟ್ಟಿ ಕೇಂದ್ರ ನಡೆಸುವ ಹೆಂಗಸೊಬ್ಬಳಿದ್ದಾಳೆ, ಎಲ್ಲರೂ ಆಪಾ ಎನ್ನುತ್ತಾರೆ. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ರೊಟ್ಟಿ ಕಳಿಸುತ್ತಾಳೆ. ಐದೂ ಜನರ ಕೈಯಿಂದ ಒಂದೊಂದು ರೊಟ್ಟಿ ತಟ್ಟಿಸಿ ನೋಡಿ, ನಾಳೆಯಿಂದ ಬನ್ನಿ ಎಂದಿದ್ದಳು. ಷರತ್ತು ಒಂದೇ: “ಹಂಚು ಒಲಿ ಮ್ಯಾಲ ಏರೂದ್ರಾಗ ಇಲ್ಲಿರಬೇಕು. ಆಮ್ಯಾಲ ಬಂದವ್ರು ಹಂಗೇ ವಾಪಸ್.”

ಇನ್ನೊಂದು ಮಾತನ್ನೂ ಆಪಾ ಹೇಳಿದ್ದಳು. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತೆಂದರೆ ನಮ್ಮ ಕಡೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ಎಷ್ಟು ಮಾಡಿದರೂ ಸಾಲದು. ಅಷ್ಟರೊಳಗೆ ಆಪಾ ಎರಡನೆಯ ಒಲೆ ಹೂಡುವವಳಿದ್ದಳು. ತಪ್ಪದೆ ಬರುವವಳೊಬ್ಬಳ ಕೈಗೆ ಆ ಒಲೆ. ಯಾರು ಹಿಟ್ಟು ನಾದಬೇಕು, ಯಾರು ಬೇಯಿಸಬೇಕು ಎಂದು ಹೇಳುವವಳು ಆಕೆ. ವೈನಿಗೆ ಆ ಒಲೆ ಬೇಕಾಗಿತ್ತು. ಹುಟ್ಟಿದಾಗಿನಿಂದ ತಾಯಿಯ ಒಲೆ, ಮದುವೆಯಾದ ಮೇಲೆ ಅತ್ತೆಯ ಒಲೆ, ಈಗ ತನ್ನದೆಂಬುದು ಒಂದು ಬೇಕು ಎಂದು ನನ್ನ ಹೆಂಡತಿಯ ಮುಂದೆ ಹೇಳಿಕೊಂಡಿದ್ದಳಂತೆ. ನನ್ನ ಮುಂದೆ ಹೇಳಲಿಲ್ಲ. ನಾನು ಸಿದ್ಧಾಂತ ಶುರು ಮಾಡುತ್ತೇನೆಂಬ ಭಯವಿರಬೇಕು.

ಅಣ್ಣನಿಗೆ ಇದು ಸೇರಲಿಲ್ಲ. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೇಳಿದ: “ನಿನ್ನ ನೆಗೆಣ್ಣಿ ಸಾಲಿ ಕಲಸ್ತಾಳ, ಅದು ನೌಕರಿ. ನೀ ಮಂದಿಗೆ ರೊಟ್ಟಿ ಬಡೀತಿ. ಅದಕ್ಕೇನಂತಾರ?”

“ಅಕಿ ಅಕ್ಷರ ಕಲಸ್ತಾಳ, ನಾ ಹಿಟ್ಟು ಕಲಸ್ತೇನಿ,” ಎಂದು ವೈನಿ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಅಣ್ಣ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಕೈ ತೊಳೆಯುವಾಗ ನನ್ನ ಕಿವಿಯಲ್ಲಿ ಮಾತ್ರ ಹೇಳಿದ: “ಬಸ್ ನಿಂದರಂಗಿಲ್ಲೋ. ಎಂಟು ದಿನ ಕ್ರಾಸಿಗೆ ನಿಂತು ಬಿಸಲು ತಿಂದ್ರ ತಾನೇ ಬಿಡ್ತಾಳ.”

ಅವನ ಮಾತಿನಲ್ಲಿ ಹುರುಳಿತ್ತು. ಬೆಳಗಿನ ಬಸ್ಸು ನಮ್ಮ ಕ್ರಾಸಿಗೆ ಬರುವಷ್ಟರಲ್ಲಿ ತುಂಬಿರುತ್ತಿತ್ತು. ಆಗಿನ ಡ್ರೈವರ್ ದಪ್ಪ ಮೀಸೆಯವನು. ದೂರದಿಂದ ಬರೀ ಸೀರೆಗಳು ಕಂಡರೆ ಅವನ ಕಾಲು ಬ್ರೇಕಿನ ಕಡೆಗೆ ಹೋಗುತ್ತಿರಲಿಲ್ಲ. ನಾನು ಬಸ್ಸಿಗೆಂದು ಹೋದ ಮೊದಲ ದಿನ ಬೆನ್ನುನೋವಿಗೆ ಬೇವಿನ ಬುಡದಲ್ಲಿ ಕೂತಿದ್ದೆ. ಹೆಂಗಸರು ರಸ್ತೆಗೆ ನಿಂತು ಕೈ ಮಾಡಿದರು. ಬಸ್ಸು ಅವರ ಮುಖಕ್ಕೆ ಧೂಳು ಎರಚಿ ಹೋಯಿತು. ಮರುದಿನ ನಾನೇ ಮುಂದೆ ನಿಂತೆ, ಇಸ್ತ್ರಿಯ ಶರ್ಟು, ಕೈಯಲ್ಲಿ ಚರ್ಮದ ಬ್ಯಾಗು. ಬಸ್ಸು ನನ್ನ ಕಾಲಬುಡಕ್ಕೇ ಬಂದು ನಿಂತಿತು. ಹೆಂಗಸರು ನನ್ನನ್ನು ಸರಿಸಿ ಹತ್ತಿದರು.

ಆ ಸಂಜೆಯೇ ವೈನಿ ಹೇಳಿದಳು: “ಮಾಸ್ತರ, ನಾಳಿಂದ ನೀವಷ್ಟ ಮುಂದ ನಿಂದರ್ರಿ. ನಾವು ಗಿಡದ ಹಿಂದ ಇರ್ತೇವಿ.” ಊರವರೆಲ್ಲ ಕರೆಯುವಂತೆ ಅವಳೂ ನನ್ನನ್ನು ಮಾಸ್ತರ ಎನ್ನುತ್ತಾಳೆ, ಅವಳ ಬಾಯಲ್ಲಿ ಅದಕ್ಕೆ ಸ್ವಲ್ಪ ಉಪ್ಪು ಹೆಚ್ಚು.

ಹೀಗೆ ನಾನು ಬಸ್ಸು ನಿಲ್ಲಿಸುವ ಗಂಡಸಾದೆ. ದಿನವೂ ಬೆಳಿಗ್ಗೆ ಟಿಕೀಟು ಕೊಳ್ಳುವ ಯೋಗ್ಯತೆಯುಳ್ಳ ಮುಖ ಮಾಡಿಕೊಂಡು ರಸ್ತೆಯ ಅಂಚಿಗೆ ನಿಲ್ಲುವುದು. ಬಸ್ಸು ನಿಂತೊಡನೆ ಬೇವಿನ ಗಿಡದ ಹಿಂದಿನಿಂದ ಐದು ಸೀರೆಗಳು ಹೊರಡುವುದು. ಕಂಡಕ್ಟರ್ ಒಮ್ಮೆ ನನಗೆ ಚಿಲ್ಲರೆ ಕೊಡುತ್ತ, “ಒಂದು ಟಿಕೀಟಿನ ಬೆನ್ನಿಗೆ ಐದು ಫುಕಟ್ ಕಟಗೊಂಡು ಬರ್ತೀರಲ್ರಿ ಸರ,” ಎಂದ. ನಾನು ದೊಡ್ಡವರು ನಗುವಂತೆ ನಕ್ಕೆ.

ನನ್ನ ತಲೆ ಸುಮ್ಮನಿರುವ ಜಾತಿಯದಲ್ಲ. ಇದರಲ್ಲಿ ಒಂದು ಸಿದ್ಧಾಂತವೇ ಇದೆ ಎಂದು ನನಗೆ ಹೊಳೆಯಿತು. ಮುಂದೆ ನಿಂತ ಗಂಡಸು ಬಂಡವಾಳ. ಅವನನ್ನು ಕಂಡು ಗಾಡಿ ನಿಲ್ಲುತ್ತದೆ. ಹಿಂದೆ ಬರುವವರು ಕಲ್ಯಾಣ. ಗಾಡಿ ನಿಂತಮೇಲೆ ಅವರೂ ಹತ್ತುತ್ತಾರೆ. ಮುಂದಿನವನಿಲ್ಲದೆ ಹಿಂದಿನವರಿಗೆ ಗತಿಯಿಲ್ಲ, ಹಿಂದಿನವರಿಲ್ಲದೆ ಮುಂದಿನವನಿಗೆ ಶೋಭೆಯಿಲ್ಲ. ತರಗತಿಯಲ್ಲಿ ಬೋರ್ಡಿನ ಮೇಲೆ ಬಸ್ಸು ಬರೆದೆ, ಅದರ ಮುಂದೆ ಬ್ಯಾಗು ಹಿಡಿದ ಒಬ್ಬ ದೊಡ್ಡ ಮನುಷ್ಯನನ್ನು ಬರೆದೆ, ಹಿಂದೆ ಐದು ಸಣ್ಣ ಗೊಂಬೆಗಳು. ಹುಡುಗರು ನೋಟ್ಸಿಗೆ ಇಳಿಸಿಕೊಂಡರು. ಹಿಮ ಬೀಳುವ ದೇಶಗಳು ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿದ್ದನ್ನು ನಾವು ಒಂದು ಬೇವಿನ ಗಿಡದ ಬುಡದಲ್ಲಿ ಸಾಧಿಸಿದ್ದೆವು.

ಬಸ್ಸಿನಲ್ಲಿ ವೈನಿಗೂ ಇದನ್ನು ವಿವರಿಸಿದೆ. ಅವಳು ಕಿಟಕಿಯ ಕಡೆ ಕೂತು ಪೂರ್ತಿ ಕೇಳಿದಳು. ಕೊನೆಗೆ, “ಅದೆಲ್ಲಾ ಇರಲಿ ಮಾಸ್ತರ, ಬ್ಯಾಗ್ ಎದಿ ಮಟ ಎತ್ತಿ ಹಿಡೀರಿ, ದೂರಿಂದ ಕಾಣಂಗಿಲ್ಲ,” ಎಂದಳು. ಉಳಿದ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಮರುದಿನದಿಂದ ಎತ್ತಿ ಹಿಡಿದೆ.

ದೀಪಾವಳಿ ಕಳೆಯಿತು. ದಪ್ಪ ಮೀಸೆಯ ಡ್ರೈವರ್ ಬೇರೆ ರೂಟಿಗೆ ಹೋಗಿ ಸಣಕಲು ದೇಹದ ಇನ್ನೊಬ್ಬ ಬಂದ. ಮನುಷ್ಯ ಒಳ್ಳೆಯವನೇ, ಬಸ್ಸಿನ ಬ್ರೇಕು ಮಾತ್ರ ಸರಿಯಿಲ್ಲ ಎಂದು ನನಗೆ ಅನುಮಾನ. ನಾನು ಕೈ ಮಾಡಿ ನಿಂತರೆ ಬಸ್ಸು ನನ್ನನ್ನು ದಾಟಿ ಮುಂದೆ ಹೋಗಿ ಬೇವಿನ ಗಿಡದ ಹತ್ತಿರ ನಿಲ್ಲುತ್ತಿತ್ತು. ಹೆಂಗಸರು ಆರಾಮಾಗಿ ಹತ್ತಿ ಕೂರುತ್ತಿದ್ದರು, ನಾನು ಸೊಂಟ ಹಿಡಿದುಕೊಂಡು ಓಡಿ ಕೊನೆಗೆ ಹತ್ತುತ್ತಿದ್ದೆ. ಸಾರ್ವಜನಿಕ ಆಸ್ತಿಯ ನಿರ್ವಹಣೆಯಲ್ಲಿ ನಾವು ಹಿಂದುಳಿದಿದ್ದೇವೆ ಎಂದು ಆ ವಾರದ ಪಾಠದಲ್ಲಿ ಸೇರಿಸಿದೆ.

ಎಳ್ಳಮಾಸಿ ಹತ್ತಿರ ಬಂತು. ಒಲೆ ಯಾರಿಗೆ ಎಂದು ಆಪಾ ಆ ವಾರವೇ ಹೇಳುವವಳಿದ್ದಳು. ಸರಿಯಾಗಿ ಆಗಲೇ ನನಗೆ ಅಫಜಲಪುರದಲ್ಲಿ ಪರೀಕ್ಷೆಯ ಕೆಲಸ ಹಾಕಿದರು. ಅಲ್ಲಿಯೇ ಉಳಿದು ಮುಗಿಸಿ ಬರಬೇಕು. ನಾನು ಚಡಪಡಿಸಿದೆ. ಸುಳ್ಳೇಕೆ ಹೇಳಲಿ, ಅದರಲ್ಲಿ ವೈನಿಯ ಚಿಂತೆ ಅರ್ಧ, ನಾನಿಲ್ಲದೆ ಏನೂ ನಡೆಯುವುದಿಲ್ಲ ಎಂಬ ಸುಖ ಅರ್ಧ. ಬದಲಿ ಗಂಡಸನ್ನು ಹುಡುಕಿದೆ. ಚಹಾದ ಅಂಗಡಿಯವನು ಹಾಲು ಉಕ್ಕುವ ಹೊತ್ತು ಎಂದ. ಊರಿನ ನಿವೃತ್ತ ಗುಮಾಸ್ತರು ತಾವು ಎಲ್ಲಿಗೂ ಹೋಗುವವರಲ್ಲ, ಸುಮ್ಮನೆ ನಿಂತು ಬಸ್ಸು ನಿಲ್ಲಿಸಿದರೆ ಡ್ರೈವರ್ ಬೈಯುವುದಿಲ್ಲವೇ ಎಂದರು. ಅದೂ ನಿಜವೇ.

“ನೀವು ಹೋಗಿ ಬರ್ರಿ ಮಾಸ್ತರ,” ಎಂದಳು ವೈನಿ. “ನಮ್ದು ನಾವು ನೋಡ್ಕೋತೇವಿ.”

ಆ ಮಾತನ್ನು ನಾನು ಅವಳ ಧೈರ್ಯವೆಂದುಕೊಂಡು ಇನ್ನಷ್ಟು ಮರುಗಿದೆ. ಅಫಜಲಪುರದಲ್ಲಿ ಪರೀಕ್ಷೆಯ ಕೋಣೆಯಲ್ಲಿ ಅಡ್ಡಾಡುವಾಗ ನನಗೆ ಕಾಣುತ್ತಿದ್ದುದು ಹುಡುಗರ ಚೀಟಿಗಳಲ್ಲ, ಧೂಳಿನಲ್ಲಿ ನಿಂತ ಐದು ಹೆಂಗಸರು. ಬೆಳಿಗ್ಗೆ ಫೋನು ಮಾಡಿದರೆ ವೈನಿ ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಬಸ್ಸು ತಪ್ಪಿ ಅಳುತ್ತ ಕೂತಿದ್ದಾಳೆ ಎಂದೇ ತೀರ್ಮಾನಿಸಿದೆ. ಹಿಟ್ಟಿನ ಕೈಯಲ್ಲಿ ಯಾರೂ ಫೋನು ಎತ್ತುವುದಿಲ್ಲ ಎಂಬುದು ಹೊಳೆಯಲಿಲ್ಲ. ಕೊನೆಗೆ ಅಣ್ಣನಿಗೆ ಹಚ್ಚಿದೆ.

“ಅಣ್ಣ, ಒಂದು ಉಪಕಾರ ಮಾಡು. ನಾಳಿ ಬೆಳಿಗ್ಗೆ ಕ್ರಾಸಿಗೆ ಹೋಗಿ ನಿಂದ್ರು. ಗಂಡಸ ಮುಂದ ಇದ್ರಷ್ಟ ಬಸ್ ನಿಂದರ್ತದ.”

“ನನಗ ಬ್ಯಾರೇ ಕೆಲಸ ಇಲ್ಲೇನಲೇ?”

“ಒಲಿ ಹೋತದ ಅಕಿದು.”

ಅಣ್ಣ, “ಅಕಿಗೆ ಅಷ್ಟು ಬೇಕಾಗ್ಯಾದೇನು ಅದು?” ಎಂದ. ಬೇಕಾಗಿದೆ ಎಂದೆ. ಫೋನು ಇಟ್ಟ. ಹದಿನೆಂಟು ವರ್ಷ ಅವಳ ಕೈಯ ರೊಟ್ಟಿ ತಿಂದವನು ಅದನ್ನು ಅವಳನ್ನೇ ಕೇಳಬಹುದಿತ್ತು ಎಂದು ನನಗೆ ಸಿಟ್ಟು ಬಂತು. ನಾನೂ ಅಷ್ಟೇ ವರ್ಷ ತಿಂದಿದ್ದೇನೆ, ಅದು ಬೇರೆ ಮಾತು.

ಪರೀಕ್ಷೆ ಮುಗಿದ ಮರುದಿನ ಮೊದಲ ಬಸ್ಸು ಹಿಡಿದು ಬೆಳಗಿನ ಹೊತ್ತಿಗೇ ಕ್ರಾಸಿನಲ್ಲಿ ಇಳಿದೆ. ಜೇವರ್ಗಿಯ ಬಸ್ಸಿಗೆ ಇನ್ನೂ ಸಮಯವಿತ್ತು. ಚಹಾದ ಅಂಗಡಿಯ ಒಳಗೆ ಕೂತು ಕಪ್ಪಿನ ಚಹಾ ಬಸಿಗೆ ಸುರಿದು ತುಟಿಗಿಟ್ಟೆ. ಆಗ ಕಂಡದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ನಮ್ಮ ಅಣ್ಣ, ಊರಿನ ಪಂಚಾಯಿತಿಗೆ ಕರೆದರೂ ಎರಡು ಸಲ ಹೇಳಿಸಿಕೊಳ್ಳುವ ನಮ್ಮ ಅಣ್ಣ, ತೊಳೆದ ಧೋತರ ಉಟ್ಟು, ಹೊಸ ರುಮಾಲು ಸುತ್ತಿ, ಮೂಲೆಯಲ್ಲಿ ಬಿದ್ದಿದ್ದ ನನ್ನ ಹಳೆಯ ಬ್ಯಾಗನ್ನು ಎದೆಯ ಮಟ್ಟಕ್ಕೆ ಹಿಡಿದು ರಸ್ತೆಯ ಅಂಚಿಗೆ ನಿಂತಿದ್ದ. ಸ್ವಲ್ಪ ಆಚೆಗೆ ಬೇವಿನ ಗಿಡದ ಮುಂದೆ, ಹಿಂದೆ ಅಲ್ಲ, ಐದೂ ಜನ ಹೆಂಗಸರು ಮಾತಾಡುತ್ತ ನಿಂತಿದ್ದರು. ವೈನಿ ಅವನ ಕಡೆ ನೋಡುತ್ತಿರಲಿಲ್ಲ. ನನಗೆ ಅಣ್ಣನ ಮೇಲೆ ಇದ್ದ ಸಿಟ್ಟೆಲ್ಲ ಇಳಿಯಿತು.

ಬಸ್ಸು ಬಂತು. ಅಣ್ಣ ಕೈ ಎತ್ತಿದ. ಬಸ್ಸು ಅವನನ್ನು ದಾಟಿ ಹೋಗಿ ಹೆಂಗಸರ ಮುಂದೆ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, “ಅಕ್ಕಾರು ಐದೂ ಮಂದಿ ಬಂದೀರೇನ್ರಿ?” ಎಂದು ಕೇಳಿದ. ಬಂದೇವಿ ಎಂದರು. ಹತ್ತಿದರು. ಬಸ್ಸು ಹೋಯಿತು. ಅಣ್ಣನ ಕೈ ಇನ್ನೂ ಮೇಲೆಯೇ ಇತ್ತು.

ನಾನು ಹೊರಗೆ ಬಂದೆ. ಅವನು ನನ್ನನ್ನು ನೋಡಿದ, ಬ್ಯಾಗನ್ನು ನೋಡಿದ.

“ನನ್ನ ಕಂಡು ನಿಂದರಲಿಲ್ಲಲೇ ಅದು.”

“ಬ್ರೇಕ್ ಸರಿ ಇಲ್ಲಣ್ಣ,” ಎಂದೆ.

ಹೇಳಿದ ಮೇಲೆ ನನಗೇ ಅದು ನಂಬಿಕೆಯಾಗಲಿಲ್ಲ. ಇಬ್ಬರೂ ಮನೆಗೆ ನಡೆದೆವು, ಬ್ಯಾಗು ಅವನೇ ಹಿಡಿದಿದ್ದ.

ಸಂಜೆ ವೈನಿ ಬಂದಳು. ಮುಖ ನೋಡಿದರೇ ಗೊತ್ತಾಗುವಂತಿತ್ತು, ಒಲೆ ಅವಳಿಗೆ ಸಿಕ್ಕಿತ್ತು. ನಾಳೆಯೇ ಹೂಡುವುದಂತೆ. ಕಾಲು ತೊಳೆದುಕೊಂಡು ಚಹಾಕ್ಕೆ ಇಟ್ಟಳು. ಅಣ್ಣ ಪಡಸಾಲೆಯಲ್ಲಿ ತನ್ನ ಗೋಡೆಬರಹದ ಕೆಳಗೆ ಕೂತಿದ್ದ. ಅವನಿಗೆ ಕೇಳಿಸಲಿ ಬಿಡಲಿ ಎಂದು ನಾನು ಕೇಳಿಯೇಬಿಟ್ಟೆ: “ವೈನಿ, ಈ ಡ್ರೈವರ್ ಯಾವಾಗಿಂದ ನಿಮ್ಮ ಸಲುವಾಗಿ ನಿಂದರ್ಸಾಕತ್ತಾನ?”

“ಬಂದ ದಿನದಿಂದ್ರಿ. ದೀಪಾವಳಿ ಮುಗದ ಮ್ಯಾಲ.”

“ಏನು ಮಾಡಿದ್ರಿ?”

“ಏನ್ ಮಾಡೂದ್ರಿ? ದಿನಾ ಐದು ಮಂದಿ ಇಲ್ಲಿ ಹತ್ತತೇವಿ, ನಿಂದರ್ಸು ತಮ್ಮಾ ಅಂದೆ. ಆತ್ರಿ ಅಕ್ಕಾ ಅಂದ.”

ಅಷ್ಟೇ. ಬಂಡವಾಳವೂ ಇಲ್ಲ, ನೂಕುವಿಕೆಯೂ ಇಲ್ಲ. ಬಾಯಿಬಿಟ್ಟು ಕೇಳಿದ್ದಳು, ಅವನು ಆಯಿತು ಎಂದಿದ್ದ. ಅಲ್ಲಿಂದ ಈಚೆಗೆ ನಾನು ಬ್ಯಾಗು ಎತ್ತಿ ಹಿಡಿದು ನಿಂತ ಬೆಳಗುಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಬೋರ್ಡಿನ ಮೇಲೆ ಬರೆದ ದೊಡ್ಡ ಮನುಷ್ಯನೂ ಬಂದ. ನಾಚಿಕೆಯ ಜೊತೆ ಸಿಟ್ಟೂ ಬಂತು.

“ಮತ್ತ ನನ್ನ ಯಾಕ ಅಲ್ಲಿ ನಿಂದ್ರಸ್ತಿದ್ರಿ? ಈ ಬೆನ್ನು ಕಟಗೊಂಡು ದಿನಾ ಓಡಿ ಹತ್ತೇನಿ.”

ವೈನಿ ಚಹಾ ಸೋಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ದನಿಯನ್ನು ತಗ್ಗಿಸಲೂ ಇಲ್ಲ.

“ಬಸ್ಸಿಗೆ ಹೇಳಾಕ ನನ್ನ ಬಾಯಿ ಸಾಕಿತ್ತು ಮಾಸ್ತರ. ಮನಿಗೆ ಹೇಳಾಕ ಒಬ್ಬ ಗಂಡಸ ಬೇಕಿತ್ತು. ಮೈದುನನ ಜತೀಗೆ ಹೋಗ್ಯಾಳ ಅಂದ್ರ ಇಲ್ಲಿ ಯಾರೂ ಏನೂ ಕೇಳತಿದ್ದಿಲ್ಲ.”

ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು, ಹೋಗಲು ಜಾಗವಿರಲಿಲ್ಲ. ವೈನಿ ಒಂದು ಕಪ್ಪು ನನ್ನ ಕೈಗೆ ಕೊಟ್ಟು ಇನ್ನೊಂದನ್ನು ಅಣ್ಣನ ಮುಂದೆ ಇಟ್ಟಳು. ಅಣ್ಣ ಅದನ್ನು ಬಸಿಗೆ ಸುರಿದುಕೊಂಡು, ಆರಿಸಿ, ಪೂರ್ತಿ ಕುಡಿದ. ಬಸಿ ಕೆಳಗಿಟ್ಟ ಮೇಲೆ ಕೇಳಿದ: “ನಾಳಿ ಒಲಿ ಹೂಡೂದೈತಿ ಅಂದ್ರ ಜಲ್ದಿ ಹೊಂಡತೀಯೇನು?”

“ಹೊಂಡಬೇಕಾಗ್ತದ.”

“ದನಕ್ಕ ನೀರು ನಾ ಕುಡಸ್ತೇನಿ ತಗೋ.”

ವೈನಿ ಒಳಗೆ ಹೋದಳು. ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಹೊಗೆಯಿರಲಿಲ್ಲ, ನಮ್ಮದು ಗ್ಯಾಸಿನ ಒಲೆ.

ಈಗಲೂ ನಾನು ಅದೇ ಬಸ್ಸಿಗೆ ಹೋಗುತ್ತೇನೆ. ಬೋರ್ಡಿನ ಮೇಲೆ ಆ ಚಿತ್ರ ಬರೆಯುವುದನ್ನು ಬಿಟ್ಟಿದ್ದೇನೆ. ಹುಡುಗರು ಹಳೆಯ ನೋಟ್ಸಿನಿಂದ ಅದನ್ನೇ ಬರೆಯುತ್ತಾರೆ, ನಾನೇ ಅಂಕ ಕೊಡಬೇಕಾಗುತ್ತದೆ. ಬೆಳಿಗ್ಗೆ ಬೇವಿನ ಗಿಡದ ಹತ್ತಿರ ಹೆಂಗಸರ ಹಿಂದೆ ನಿಲ್ಲುತ್ತೇನೆ. ಬಸ್ಸು ನಿಲ್ಲುತ್ತದೆ, ಅವರು ಹತ್ತುತ್ತಾರೆ, ಕೊನೆಗೆ ನಾನು. ಕೂರಲು ಜಾಗವಿರುವುದಿಲ್ಲ. ಕಂಬಿ ಹಿಡಿದು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಕಿಟಕಿಯ ಸೀಟಿನಿಂದ ವೈನಿ ಕೈ ಚಾಚುತ್ತಾಳೆ.

“ಬ್ಯಾಗ್ ಇತ್ತ ಕೊಡ್ರಿ ಮಾಸ್ತರ. ನೀವು ಗಟ್ಟಿ ಹಿಡಕೊಂಡು ನಿಂದರ್ರಿ.”

ಕೊಡುತ್ತೇನೆ. ಅವಳು ಅದನ್ನು ಬುತ್ತಿಯ ಗಂಟಿನ ಜೊತೆ ತೊಡೆಯ ಮೇಲಿಟ್ಟುಕೊಂಡು ಜೇವರ್ಗಿಯ ತನಕ ಹೊರಗೆ ನೋಡುತ್ತ ಕೂರುತ್ತಾಳೆ.